ಅಕ್ಕ ಕಳಿಸಿದ ರಾಗಿ ಹಿಟ್ಟು

ಕಪ್‌ಸೊವರ್
9 ಮಾರ್ಚ್ 2014

ಜೆಸಾಂಗ್,

ಫೋನ್ ಇರುವಾಗ ಅಕ್ಕ ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡ. ಮನೆಯ ಫೋನು ನಿನ್ನ ಭಾವನ ಜೇಬಿನಲ್ಲಿರುತ್ತದೆ. ನಾನು ನಿನ್ನ ಜೊತೆ ಮಾತಿಗೆ ಕೂತರೆ ಸಾಕು, ಪಕ್ಕದಲ್ಲಿ ನಿಂತು ಎಷ್ಟು ದೂರ ಓಡಿದಳು ಕೇಳು, ಕಾಲು ನೋವಿದೆಯಾ ಕೇಳು ಎಂದು ನಡುನಡುವೆ ಬಾಯಿ ಹಾಕುತ್ತಾರೆ. ನಿನಗೆ ಓಟ ಕಲಿಸಿದ ಗುರು ಅವರೇ, ಒಪ್ಪಿದೆ. ಆದರೆ ಅಪ್ಪ ಅಮ್ಮ ಹೋದ ಮೇಲೆ ನಿನಗೆ ಉಣ್ಣಿಸಿದವಳು ನಾನು. ನನಗೆ ಕೇಳುವುದು ಬೇರೆಯೇ ಇರುತ್ತದೆ. ಹೊಟ್ಟೆ ತುಂಬ ಉಣ್ಣುತ್ತೀಯಾ? ಆ ಜಪಾನಿನ ಹುಡುಗಿಯರು ನಿನ್ನ ಜೊತೆ ಮಾತಾಡುತ್ತಾರಾ? ಭಾನುವಾರ ಹಾಡಲು ಅಲ್ಲಿ ಚರ್ಚು ಇದೆಯಾ? ಉತ್ತರವನ್ನು ನಾನು ಪಾಠ ಮಾಡುವ ಶಾಲೆಯ ಅಂಚೆ ಡಬ್ಬಿಗೇ ಬರೆ.

ಇದರ ಜೊತೆ ಹಿಟ್ಟಿನ ಪಾರ್ಸೆಲ್ ಬರುತ್ತದೆ. ನಮ್ಮ ಹೊಲದ ರಾಗಿ, ನಾನೇ ಕೇರಿದ್ದು, ಎದುರಿಗೆ ನಿಂತು ಬೀಸಿಸಿದ್ದು. ಗಿರಣಿಯವನು ಹಿಂದಿನವರ ಜೋಳದ ನುಚ್ಚು ಒಂಚೂರು ಉಳಿದಿದೆ, ಪರವಾಗಿಲ್ಲ ಬಿಡಿ ಎಂದ. ನನ್ನ ತಂಗಿ ತಿನ್ನುವ ಹಿಟ್ಟು, ಮೊದಲು ಗುಡಿಸು ಎಂದು ಜಗಳವಾಡಿ ಗುಡಿಸಿಸಿದೆ. ಈ ಸಲ ಹಿಟ್ಟಿಗೆ ಇನ್ನೊಂದನ್ನೂ ಸೇರಿಸಿದ್ದೇನೆ. ಏನೆಂದು ಕೇಳಬೇಡ, ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನೀನು ದೊಡ್ಡ ಓಟ ಗೆದ್ದು ಬಂದ ದಿನ ನಾನೇ ಹೇಳುತ್ತೇನೆ.

ನಿನ್ನೆ ಚರ್ಚಿಗೆ ಹೊಸದಾಗಿ ಬಂದ ಪಾದ್ರಿಗಳು ಮನೆಗೆ ಬಂದಿದ್ದರು. ಸೋರೆಬುರುಡೆಯಲ್ಲಿ ಹುಳಿಗೆ ಹಾಕಿದ್ದ ಹಾಲು, ಮುರ್ಸಿಕ್, ಬಗ್ಗಿಸಿ, ನಾನು ಮೊದಲು ಒಂದು ಗುಟುಕು ಕುಡಿದು ಅವರ ಕೈಗೆ ಕೊಟ್ಟೆ. ಮೆಲಿ ಸುಮ್ಮನಿರಬೇಕಲ್ಲ! "ಅಮ್ಮ, ಅವ್ರ ಹಾಲು ನೀನ್ಯಾಕೆ ಕುಡಿದೆ?" ಎಂದು ಎಲ್ಲರೆದುರು ಕೇಳಿದಳು. ಅಜ್ಜಿ ನಮಗೆ ಹೇಳಿದ್ದನ್ನೇ ಅವಳಿಗೆ ಹೇಳಿದೆ. ಹೊರಗಿನವರಿಗೆ ಕುಡಿದು ಕೊಡಬೇಕು, ಇದರಲ್ಲಿ ವಿಷವಿಲ್ಲ ಎಂದು ತೋರಿಸಲಿಕ್ಕೆ. ಮನೆಯವರಿಗೆ ಹಾಗೇ ಕೊಡಬೇಕು. ಮನೆಯವರೆದುರು ಕುಡಿದು ತೋರಿಸಿದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಹನ್ನೊಂದು ತುಂಬಿದ ಹುಡುಗಿ, ಬಾಯಿ ಮಾತ್ರ ನಿನ್ನದೇ.

ನಿನ್ನ ಅಕ್ಕ
ತಬಿತಾ


ಹಿಮೆಜಿ
6 ಏಪ್ರಿಲ್ 2014

ಅಕ್ಕ,

ಹಿಟ್ಟು ಬಂತು. ಪೊಟ್ಟಣ ಬಿಚ್ಚಿದೊಡನೆ ನಮ್ಮ ಅಡುಗೆಮನೆಯ ಹೊಗೆಯ ವಾಸನೆ ಬಂತು, ಅಲ್ಲೇ ಕೂತು ಅತ್ತೆ. ಸಂಜೆ ಮುದ್ದೆ ಮಾಡಿದೆ. ನಮ್ಮ ತಂಡದ ನಾಯಕಿ ಸಚಿಯೆ ಬಂದು ಇಣುಕಿ, ಇದು ಮಣ್ಣೋ ಊಟವೋ ಎಂದು ಕೈಸನ್ನೆಯಲ್ಲಿ ಕೇಳಿದಳು. ಒಂದು ತುತ್ತು ಅವಳ ಬಾಯಿಗಿಟ್ಟೆ. ಮುಖ ಕಿವುಚಿಕೊಂಡು ನುಂಗಿ, ನೀರು ಕುಡಿದು, ಬಗ್ಗಿ ನಮಸ್ಕಾರ ಮಾಡಿದಳು. ಇವರು ಎಲ್ಲದಕ್ಕೂ ಬಗ್ಗುತ್ತಾರೆ. ನಾನೂ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ.

ನೀನು ಸೇರಿಸಿದ್ದು ಏನೆಂದು ಗೊತ್ತಾಯಿತು ಬಿಡು. ಹುರಿದ ಕಡಲೆಕಾಯಿ. ನಾಲಿಗೆಯ ಕೊನೆಗೆ ಒಂಚೂರು ಕಹಿ ಬಂತು, ಅಂದರೆ ಹುರಿಯುವಾಗ ಸೀಯಿಸಿದ್ದೀಯ. ಅದಕ್ಕೆ ಇಷ್ಟು ಗುಟ್ಟೇ?

ಇಲ್ಲಿ ನಮ್ಮನ್ನು ಓಡಲೆಂದೇ ಸಂಬಳಕ್ಕಿಟ್ಟಿರುವ ಕಂಪನಿಯ ವೈದ್ಯರು ಎಲ್ಲರಿಗೂ ಮಾತ್ರೆ ಕೊಡುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ನನಗೆ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನಿನಗೆ ಗೊತ್ತಲ್ಲ, ಮಲೇರಿಯಾ ಬಂದಾಗ ಭಾವ ನನ್ನ ಮೂಗು ಹಿಡಿದು ನುಂಗಿಸಿದ್ದರು. ಇನ್ನೊಂದು ಕಾರಣ, ಉದ್ದೀಪನ ಮದ್ದು ತಿಂದು ಸಿಕ್ಕಿಬಿದ್ದವರ ಸುದ್ದಿ ದಿನಾ ಕೇಳುತ್ತಿದ್ದೇವೆ. ನಮ್ಮ ಕಡೆಯವರೇ ಎಷ್ಟು ಜನ! ಇಲ್ಲಿ ಯಾರಾದರೂ ನನ್ನ ಮುಖ ನೋಡಿದರೆ ಅದನ್ನೇ ಯೋಚಿಸುತ್ತಿದ್ದಾರೆ ಅನ್ನಿಸುತ್ತದೆ. ಅದಕ್ಕೇ ನೀನು ಕಳಿಸಿದ್ದು ಬಿಟ್ಟು ಹೊರಗಿನದೊಂದು ಪುಡಿಯನ್ನೂ ನಾನು ಮುಟ್ಟುವುದಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಓಟ ಚೆನ್ನಾಗಿದೆ.

ಜೆಸಾಂಗ್


ಕಪ್‌ಸೊವರ್
25 ಮೇ 2014

ಜೆಸಾಂಗ್,

ಕಡಲೆಕಾಯಿ ಅಂತೆ ಕಡಲೆಕಾಯಿ. ನಾನು ಹುರಿದದ್ದು ಯಾವತ್ತು ಸೀದಿದೆ ಹೇಳು.

ಮೊದಲು ಸಿಹಿ ಸುದ್ದಿ. ಜಿಲ್ಲೆಯ ಶಾಲೆಗಳ ಓಟದಲ್ಲಿ ಮೆಲಿ ಎರಡೂ ಓಟ ಗೆದ್ದಳು! ಹದಿನಾಲ್ಕರ ಹುಡುಗಿಯರು ಹಿಂದೆ ಉಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನಬೇಡ, ನೋಡಿದವರೆಲ್ಲ ಇವಳು ಜೆಸಾಂಗ್‌ಗಿಂತ ಮುಂದೆ ಹೋಗುತ್ತಾಳೆ ಎಂದರು. ಎರಡು ತಿಂಗಳಲ್ಲಿ ತೊಡೆ ಗಟ್ಟಿಯಾಗಿದೆ, ಭುಜ ಅಗಲವಾಗಿದೆ. ನಿನಗೊಬ್ಬಳಿಗೆ ಹೇಳುತ್ತೇನೆ, ನಿನ್ನ ಹಿಟ್ಟು ಕಲಸುವಾಗ ಅವಳ ಗಂಜಿಗೂ ದಿನಕ್ಕೊಂದು ಹಿಡಿ ತೆಗೆದಿಡುತ್ತೇನೆ. ಭಾವನಿಗೆ ಹೇಳಿಲ್ಲ. ತಂಗಿಯ ಪಾಲು ಮಗಳಿಗೆ ಹಾಕುತ್ತೀಯಾ ಎಂದು ಬೈದಾರು. ಚಿಕ್ಕಮ್ಮನಿಗೆ ಒಳ್ಳೆಯದಾದದ್ದು ಮಗಳಿಗೆ ಕೆಟ್ಟದಾದೀತೇ?

ಒಂದೇ ಬೇಸರವೆಂದರೆ ಅವಳ ನೆಗಡಿ. ಗಂಟಲು ಕಟ್ಟಿ ತಿಂಗಳಾಯಿತು, ಜೇನು, ಶುಂಠಿ ಯಾವುದಕ್ಕೂ ಬಗ್ಗುತ್ತಿಲ್ಲ. ಚರ್ಚಿನ ಹಾಡಿನಲ್ಲಿ ಮೇಲಿನ ಸ್ವರಕ್ಕೆ ಬಂದರೆ ಕೀರಲಾಗುತ್ತದೆ. ನಿನಗೂ ಅಲ್ಲಿ ನೆಗಡಿಯಾ? ಹೋದ ವಾರ ನೀನು ಫೋನ್ ಮಾಡಿದಾಗ ಭಾವ ನನ್ನ ಕೈಗೆ ಕೊಟ್ಟರಲ್ಲ, ಆಗ ಯಾವನೋ ಗಂಡಸು ನನ್ನನ್ನು ಅಕ್ಕ ಅನ್ನುತ್ತಿದ್ದಾನಲ್ಲ ಎಂದುಕೊಂಡೆ. ನಗು ಬಂತು. ಆಮೇಲೆ ಯಾಕೋ ನಗು ಬರಲಿಲ್ಲ.

ಮುಚ್ಚಿಡಬೇಡ. ಏನಾಗಿದೆ?

ತಬಿತಾ


ಹಿಮೆಜಿ
22 ಜೂನ್ 2014

ಅಕ್ಕ,

ಬರೆಯಬಾರದು ಎಂದುಕೊಂಡಿದ್ದೆ. ನೀನು ಕೇಳಿದೆ, ಬರೆಯುತ್ತೇನೆ. ಓದಿ ಹರಿದು ಹಾಕು.

ಮುಟ್ಟು ನಿಂತುಹೋಗಿದೆ. ಏಪ್ರಿಲ್‌ನಿಂದ ಇಲ್ಲ. ಯಾವ ಗಂಡಸಿನ ಸಂಗವೂ ಇಲ್ಲ, ಅದನ್ನು ಮನಸ್ಸಿಗೆ ತಂದುಕೊಳ್ಳಬೇಡ. ಬೆನ್ನ ತುಂಬ ಗುಳ್ಳೆ ಎದ್ದಿದೆ. ಮುಂಜಾನೆ ಮುಖ ತೊಳೆಯುವಾಗ ಗಲ್ಲ ಚುಚ್ಚಿದಂತಾಗಿ ಕನ್ನಡಿ ನೋಡಿದೆ. ಕೂದಲು ಅಕ್ಕ. ಅಪ್ಪನಿಗಿದ್ದ ಜಾಗದಲ್ಲೇ. ಅಂಗಡಿಗೆ ಹೋಗಿ ರೇಜರ್ ತಂದು, ಬಚ್ಚಲಿನ ಬಾಗಿಲು ಹಾಕಿಕೊಂಡು, ನೀರು ಬಿಟ್ಟು ಸದ್ದು ಮಾಡಿ ಕ್ಷೌರ ಮಾಡಿಕೊಂಡೆ. ಹೆಣ್ಣಾಗಿ ಹುಟ್ಟಿದವಳು. ಅಭ್ಯಾಸವಿಲ್ಲದ ಕೈ, ಗಲ್ಲ ಎರಡು ಕಡೆ ಕುಯ್ದುಕೊಂಡಿತು. ಬಿದ್ದೆ ಎಂದು ಸಚಿಯೆಗೆ ಸುಳ್ಳು ಹೇಳಿದೆ.

ಅದು ನೆಗಡಿಯಲ್ಲ. ನಾನು ಹಾಡಲು ಬಾಯಿ ತೆರೆದರೆ ಬೇರೆ ಯಾರೋ ಹಾಡುತ್ತಾರೆ.

ಹಾಗಿದ್ದೂ ಓಟ ಮಾತ್ರ ಹಿಂದೆಂದೂ ಇರದಷ್ಟು ಹಗುರವಾಗಿದೆ. ದಣಿವೇ ಆಗುವುದಿಲ್ಲ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನನಗೆ ನನ್ನ ಮೈಯ ಮೇಲೇ ಹೆದರಿಕೆಯಾಗುತ್ತಿದೆ. ಇಲ್ಲಿಯ ವೈದ್ಯರು ಗಂಡಸರು. ಅವರ ಮುಂದೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಇದು ನಮ್ಮ ಮನೆತನದಲ್ಲಿ ಇದ್ದ ಕಾಯಿಲೆಯಾ? ಅಮ್ಮನಿಗೆ ಹೀಗೆ ಆಗಿತ್ತಾ? ನಿನಗೆ ನೆನಪಿದ್ದರೆ ಬರೆ.

ಜೆಸಾಂಗ್


ಕಪ್‌ಸೊವರ್
27 ಜುಲೈ 2014

ಜೆಸಾಂಗ್,

ನಿನ್ನ ಪತ್ರವನ್ನು ಶಾಲೆಯ ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ಅಮ್ಮನಿಗೆ ಅಂಥದ್ದೇನೂ ಇರಲಿಲ್ಲ.

ನೀನು ಬೈದರೂ ಸರಿ, ಭಾವನನ್ನು ಕೇಳಿದೆ. ಪೂರ್ತಿ ಹೇಳಲಿಲ್ಲ, ಮುಟ್ಟಿನ ವಿಷಯ ಮಾತ್ರ. ಅವರು ಬೂಟಿನ ದಾರ ಬಿಗಿಯುತ್ತ, "ಮೈ ಹಣ್ಣಾಗೋ ಹಂಗೆ ಓಡೋ ಹುಡುಗೀರಿಗೆಲ್ಲ ಅದು ನಿಲ್ಲುತ್ತೆ. ಓಟ ಬಿಟ್ಟ ಮೇಲೆ ತಾನಾಗೇ ಬರುತ್ತೆ. ವೈದ್ಯರ ಹತ್ರ ಹೋಗ್ಬೇಡ ಅನ್ನು, ಓಟದಿಂದ ತೆಗೆದುಹಾಕ್ತಾರೆ" ಎಂದರು. ಅವರಿಗೆ ಇಂಥದ್ದೆಲ್ಲ ಗೊತ್ತು. ನಾನು ಸಮಾಧಾನ ಮಾಡಿಕೊಂಡೆ, ನೀನೂ ಮಾಡಿಕೊ. ಕೂದಲಿಗೆ ಪಪ್ಪಾಯಿ ಹಾಲು ಹಚ್ಚಿ ನೋಡು.

ನನಗನ್ನಿಸುತ್ತದೆ, ನಿನಗೆ ರಕ್ತ ಸಾಲದು. ಹಾಗಾಗಿ ಈ ಸಲದ ಹಿಟ್ಟಿಗೆ ನನ್ನ ಗುಟ್ಟಿನದನ್ನು ಎರಡು ಪಾಲು ಹಾಕಿದ್ದೇನೆ. ಮೂರು ಹೊತ್ತೂ ತಿನ್ನು. ತಪ್ಪಿಸಬೇಡ, ನನ್ನಾಣೆ.

ಮೆಲಿಯ ಗಂಟಲು ಇನ್ನೂ ಬಿಟ್ಟಿಲ್ಲ. ಶಾಲೆಯ ಹುಡುಗರು ಅವಳನ್ನು ಮುದುಕ ಎಂದು ಕರೆಯುತ್ತಾರಂತೆ. ಅತ್ತುಕೊಂಡು ಬಂದಳು, ಮಾರನೆಯ ದಿನ ಓಟದಲ್ಲಿ ಆ ಹುಡುಗರನ್ನೇ ಸೋಲಿಸಿದಳು.

ತಬಿತಾ


ಹಿಮೆಜಿ
27 ಅಕ್ಟೋಬರ್ 2014

ಅಕ್ಕ,

ಗೆದ್ದೆವು. ಆರು ಹುಡುಗಿಯರು ಹೆಗಲ ಪಟ್ಟಿಯನ್ನು ಒಬ್ಬಳಿಂದ ಒಬ್ಬಳಿಗೆ ದಾಟಿಸುತ್ತ ಓಡುವ ರಸ್ತೆ ಓಟ, ಇವರಿಗೆ ಅದು ಹಬ್ಬವಿದ್ದಂತೆ. ಪಟ್ಟಿ ನನ್ನ ಕೈಗೆ ಬಂದಾಗ ನಾವು ಐದನೆಯವರು. ನಾನು ಅದನ್ನು ಸಚಿಯೆಯ ಕೈಗಿಟ್ಟಾಗ ಮೊದಲನೆಯವರು. ಕಂಪನಿಯ ಮುದುಕರು ರಸ್ತೆಯ ಪಕ್ಕ ನಿಂತು ಅಳುತ್ತಿದ್ದರು.

ಓಟ ಮುಗಿದ ಮೇಲೆ ಮೂತ್ರ ಪರೀಕ್ಷೆಗೆ ಕರೆದರು. ನಗುನಗುತ್ತ ಹೋದೆ. ನನಗೇನು ಭಯ?

ಮುರ್ಸಿಕ್ ಹುಳಿಗೆ ಹಾಕು. ಹೊಸ ವರ್ಷಕ್ಕೆ ಬರುತ್ತೇನೆ. ವಿಮಾನ ನಿಲ್ದಾಣಕ್ಕೆ ನೀನೇ ಬುರುಡೆ ಹಿಡಿದು ಬರಬೇಕು, ಗೆದ್ದು ಬಂದವರಿಗೆ ಕುಡಿಸುವ ಹಾಗೆ ಊರಿನವರೆದುರು ಕುಡಿಸಬೇಕು. ನಿನ್ನ ಗುಟ್ಟನ್ನೂ ಅವತ್ತೇ ಹೇಳುವೆಯಂತೆ.

ಜೆಸಾಂಗ್


ಹಿಮೆಜಿ
10 ನವೆಂಬರ್ 2014

ಅಕ್ಕ,

ನನ್ನ ಮೂತ್ರದಲ್ಲಿ ಮದ್ದು ಸಿಕ್ಕಿದೆ ಎನ್ನುತ್ತಾರೆ.

ಗಂಡಸಿನ ಮೈಯಲ್ಲಿ ತಾನಾಗಿ ಊರುವ ರಸವನ್ನು ಕಾರ್ಖಾನೆಯಲ್ಲಿ ಮಾಡಿದಂತೆ, ಅಂಥದ್ದೊಂದು ಮದ್ದು. ಸ್ನಾಯು ಬೆಳೆಸುತ್ತದಂತೆ. ಹೆಂಗಸರು ತಿಂದರೆ ಗಡ್ಡ ಬರುತ್ತದೆ, ಮುಟ್ಟು ನಿಲ್ಲುತ್ತದೆ, ಧ್ವನಿ ಒಡೆಯುತ್ತದೆ. ಅವರು ಒಂದೊಂದೇ ಹೇಳುತ್ತಿದ್ದರು, ನಾನು ನನ್ನ ಮೈಯನ್ನು ಯಾರೋ ಬಿಚ್ಚಿ ಓದುತ್ತಿದ್ದಾರೆ ಎನ್ನುವಂತೆ ಕೂತಿದ್ದೆ. ನನಗೆ ಬಂದದ್ದು ಕಾಯಿಲೆಯಲ್ಲ, ಮದ್ದು. ಯಾರು ಕೊಟ್ಟರು? ಯಾವಾಗ? ನನ್ನ ಬಾಯಿಗೆ ನಾನೇ ಹಾಕಿಕೊಳ್ಳದ್ದು ಒಳಗೆ ಹೋದದ್ದು ಹೇಗೆ?

ನಮ್ಮ ಗೆಲುವನ್ನು ಅಳಿಸಿಹಾಕಿದರು. ಆರೂ ಹುಡುಗಿಯರದ್ದು. ಕಂಪನಿಯ ದೊಡ್ಡವರು ಕ್ಯಾಮೆರಾಗಳ ಮುಂದೆ ನಿಂತು ಬಹಳ ಹೊತ್ತು ಬಗ್ಗಿದರು. ಅವತ್ತು ಮೊದಲ ಸಲ ನನಗೆ ಆ ಬಗ್ಗುವುದು ನಗೆ ತರಿಸಲಿಲ್ಲ. ಸಚಿಯೆ ತನ್ನ ಪದಕವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡದೆ ಹೋದಳು.

ಏನೇನು ತಿಂದೆ ಎಂದು ದಿನವೆಲ್ಲ ಕೇಳಿದರು. ಎಲ್ಲ ಕೊಟ್ಟೆ. ಉಪ್ಪು, ಚಹಾಪುಡಿ, ಹಲ್ಲುಜ್ಜುವ ಪೇಸ್ಟು. ಹಿಟ್ಟಿನ ಚೀಲ ನೋಡಿ ಇದೇನು ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದು ನನ್ನ ಅಕ್ಕ ಕಳಿಸಿದ್ದು, ಬೇಕಾದರೆ ಇದನ್ನೂ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿ, ಆಮೇಲೆ ನಾಚಿಕೆಪಡುವವರು ನೀವೇ ಎಂದು ಚೀಲವನ್ನು ನಾನೇ ಎತ್ತಿ ಅವರ ಮುಂದಿಟ್ಟೆ.

ಭಾವನಿಗೆ ಹೇಳು, ನಾನು ತಿಂದಿಲ್ಲ ಎಂದು. ನಂಬುತ್ತಾರಲ್ಲ?

ಜೆಸಾಂಗ್


ಕಪ್‌ಸೊವರ್
24 ನವೆಂಬರ್ 2014

ನನ್ನ ಕಂದ,

ನಾನು ನಂಬುತ್ತೇನೆ. ಇಡೀ ಲೋಕ ಎದುರು ನಿಂತು ಹೇಳಿದರೂ ನಂಬುತ್ತೇನೆ.

ನಿನ್ನ ಹೆಸರು ರೇಡಿಯೊದಲ್ಲಿ ಬಂತು. ಸಂತೆಯಲ್ಲಿ ಹೆಂಗಸರು ನಾನು ಬಂದೊಡನೆ ಮಾತು ನಿಲ್ಲಿಸುತ್ತಾರೆ. ಒಬ್ಬಳ ಜುಟ್ಟು ಹಿಡಿಯಲು ಹೋಗಿದ್ದೆ, ಮೆಲಿ ಕೈಹಿಡಿದು ಎಳೆದಳು. ನಿನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಆ ಹುಡುಗಿಯರೇ ನಿನ್ನ ಊಟಕ್ಕೆ ಹಾಕಿದ್ದಾರೆ. ಆ ಸಚಿಯೆಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಹಿಟ್ಟನ್ನು ಪರೀಕ್ಷೆಗೆ ಕೊಟ್ಟದ್ದು ಒಳ್ಳೆಯದೇ ಆಯಿತು. ಇನ್ನು ಗುಟ್ಟು ಯಾಕೆ? ಅದರಲ್ಲಿರುವುದು ವಿಟಮಿನ್ ಪುಡಿ. ಎಲ್ಡೊರೆಟ್‌ನಲ್ಲಿ ಭಾವನಿಗೆ ಗುರುತಿನ ಮದ್ದಂಗಡಿಯವನೊಬ್ಬ ಕೊಡುತ್ತಾನೆ. ನಿನಗೆ ಮಾತ್ರೆ ಸೇರದು, ಹೇಳಿದರೆ ಹಠ ಹಿಡಿದು ಹಿಟ್ಟನ್ನೇ ಬಿಡುತ್ತಾಳೆ, ಹೇಳದೆ ಕಲಸು ಎಂದಿದ್ದರು. ಪರೀಕ್ಷೆ ಮಾಡಿದವರು ವಿಟಮಿನ್ ಕಂಡು ಬಾಯಿ ಮುಚ್ಚಿಕೊಳ್ಳಲಿ.

ಶಾಲೆಗೆ ರಜೆ. ಆಲೂಗಡ್ಡೆ ಕೀಳುವ ಕೆಲಸ ಬೆಟ್ಟದಷ್ಟಿದೆ, ಅಂಚೆ ಡಬ್ಬಿಗೆ ಹೋಗಲು ಇನ್ನೆರಡು ಮೂರು ವಾರವಾಗಬಹುದು. ಧೈರ್ಯವಾಗಿರು. ನಿನ್ನ ಭಾವ ಯಾಕೋ ಊಟವನ್ನೇ ಸರಿಯಾಗಿ ಮಾಡುತ್ತಿಲ್ಲ. ಅವರಿಗೂ ನಿನ್ನದೇ ಚಿಂತೆ.

ತಬಿತಾ


ಹಿಮೆಜಿ
26 ನವೆಂಬರ್ 2014

ಅಕ್ಕ,

ಹಿಟ್ಟಿನಲ್ಲಿದೆ.

ಅದೇ ಮದ್ದು. ಎರಡು ಸಲ ಪರೀಕ್ಷೆ ಮಾಡಿದ್ದಾರೆ. ನಿನ್ನ ಹಿಟ್ಟಿನಲ್ಲಿದೆ ಅಕ್ಕ.

ಏನು ಹಾಕಿದೆ? ಯಾರು ಕೊಟ್ಟರು? ಹೇಳುವುದಿಲ್ಲವೆಂದು ಯಾರಿಗೆ ಮಾತು ಕೊಟ್ಟಿದ್ದೆ? ಇದನ್ನು ಬರೆಯುವಾಗಲೇ ಉತ್ತರ ಗೊತ್ತಾಗುತ್ತಿದೆ, ಆದರೂ ನಿನ್ನ ಬಾಯಿಂದ ಬರಲಿ.

ಅದು ಆಮೇಲೆ. ಮೊದಲು ಇದು. ಮೆಲಿಗೆ ಆ ಹಿಟ್ಟು ಕೊಡಬೇಡ. ಇದನ್ನು ಓದುತ್ತಿರುವಾಗ ಒಲೆಯ ಮೇಲೆ ಅವಳ ಗಂಜಿ ಇದ್ದರೆ ಚೆಲ್ಲು. ಅವಳದ್ದು ನೆಗಡಿಯಲ್ಲ. ಭುಜ ಅಗಲವಾಯಿತು ಎಂದು ಬರೆದಿದ್ದೆಯಲ್ಲ, ಗಂಟಲು ಕಟ್ಟಿದೆ ಎಂದು ಬರೆದಿದ್ದೆಯಲ್ಲ. ನನ್ನ ಗಲ್ಲದ ಮೇಲೆ ಬಂದದ್ದು ಆ ಮಗುವಿಗೂ ಬರುತ್ತದೆ. ನಾನು ದೊಡ್ಡವಳು, ಅವಳು ಮಗು. ಅವಳನ್ನು ಎಲ್ಡೊರೆಟ್‌ನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ಇವತ್ತೇ ಹೋಗು.

ಮೂರು ಸಲ ಫೋನ್ ಮಾಡಿದೆ. ಅಕ್ಕನಿಗೆ ಕೊಡಿ ಎಂದರೆ ನಿನ್ನ ಗಂಡ ಹೊಲದಲ್ಲಿದ್ದಾಳೆ ಎಂದ. ಎರಡನೆಯ ಸಲವೂ ಹೊಲದಲ್ಲೇ ಇದ್ದೆ. ಮೂರನೆಯ ಸಲ ಅವನು ಎತ್ತಲೇ ಇಲ್ಲ. ಬೇರೆ ಯಾರ ನಂಬರೂ ನನ್ನ ಹತ್ತಿರವಿಲ್ಲ. ಈ ಪತ್ರ ಬೇಗ ಮುಟ್ಟಲಿ ಎಂದು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ದೇವರೇ, ಶಾಲೆಗೆ ರಜೆ ಆಗಿರದಿರಲಿ.

ಜೆಸಾಂಗ್


ಎಲ್ಡೊರೆಟ್
19 ಡಿಸೆಂಬರ್ 2014

ಜೆಸಾಂಗ್,

ನಿನ್ನ ಪತ್ರ ಡಬ್ಬಿಯಲ್ಲಿ ಎರಡು ವಾರ ಕೂತಿತ್ತು. ಮೊನ್ನೆ ಸೋಮವಾರ ತೆಗೆದೆ. ಆ ಎರಡು ವಾರವೂ ದಿನಾ ಬೆಳಿಗ್ಗೆ ನಾನೇ ಕಾಸಿ, ನಾನೇ ಆರಿಸಿ, ಕುಡಿ ಕಂದ ಎಂದು ಕುಡಿಸಿದ್ದೇನೆ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕಿಬೊರ್, ಇನ್ನು ಅವನನ್ನು ನಿನ್ನ ಭಾವ ಎನ್ನಲಾರೆ, ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ. ಆ ಪುಡಿ ಏನು ಎಂದು ಕೇಳಿದೆ. ತಲೆಯೆತ್ತದೆ, ವಿಟಮಿನ್ನೇ, ಓಡುವವರ ವಿಟಮಿನ್ ಎಂದ.

"ಜಪಾನಿನವ್ರು ಹಿಟ್ಟಲ್ಲಿ ಮದ್ದು ಇದೆ ಅಂದಿದಾರೆ" ಎಂದೆ.

"ನಂಗೂ ಒಬ್ರು ಕೊಟ್ಟಿದ್ರು, ನಾನೇನ್ ಸತ್ತೋದ್ನಾ? ಎಲ್ಲಾರೂ ತಗೋತಾರೆ ತಬಿತಾ. ಸಿಕ್ಕಿಬಿದ್ದೋರು ಮಾತ್ರ ಕಳ್ಳರು. ನನ್ನ ಮಂಡಿ ಹೋಗ್ದೇ ಇದ್ದಿದ್ರೆ ನಾನೂ ಅಲ್ಲೇ ಇರ್ತಿದ್ದೆ. ಅವಳ ಕಾಲಲ್ಲಾದ್ರೂ ನಾನು ಗೆಲ್ಬೇಕಿತ್ತು. ನೀನು ಎರಡು ಪಾಲು ಹಾಕು ಅಂತ ನಾನ್ ಹೇಳಿದ್ನಾ?"

"ಮೆಲಿಗೂ ಹಾಕ್ತಿದ್ದೆ" ಎಂದೆ.

ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಏನಂದೆ ಎಂದ. ಮತ್ತೆ ಹೇಳಿದೆ. "ಮಗೂಗೆ ಹಾಕು ಅಂತ ಯಾರೇ ಹೇಳಿದ್ರು ನಿಂಗೆ?" ಎಂದು ಕಿರುಚಿದ. "ಒಳ್ಳೇದು ಅಂತ ನೀವೇ ಹೇಳಿದ್ರಲ್ಲ" ಎಂದೆ. ಅವನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಹನ್ನೆರಡು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖ ನಾನು ನೋಡಿರಲಿಲ್ಲ. ನಿನಗೆ ಹಾಕಿಸುವಾಗ ಅವನಿಗೆ ಹಾಗಾಗಲಿಲ್ಲ, ನೋಡು. ಅದನ್ನು ನಾನು ಮರೆಯುವುದಿಲ್ಲ.

ಇಲ್ಲಿಯ ವೈದ್ಯೆ ಒಳ್ಳೆಯವಳು. ಮೆಲಿಯನ್ನು ಹೊರಗೆ ಕೂರಿಸಿ ನನಗೆ ಎಲ್ಲ ಹೇಳಿದಳು. ಮದ್ದು ನಿಲ್ಲಿಸಿದರೆ ಗುಳ್ಳೆ ಮಾಗುತ್ತದೆ. ಎಲುಬು ವಯಸ್ಸಿಗೆ ಮುಂಚೆ ಬಲಿತಿದೆ, ಇನ್ನು ಹೆಚ್ಚು ಎತ್ತರ ಬೆಳೆಯಲಾರಳು. ಮುಂದೆ ಮುಟ್ಟು ಸರಿಯಾಗಿ ಬರಬಹುದು, ಕಾದು ನೋಡಬೇಕು. ಧ್ವನಿ ಮಾತ್ರ ವಾಪಸ್ ಬರುವುದಿಲ್ಲ. ನಿನ್ನದೂ ಬರುವುದಿಲ್ಲವಂತೆ, ಕೇಳಿದೆ.

ನನ್ನ ಕೈಗೆ ಹುಳ ಬೀಳಲಿ. ಗಿರಣಿಯವನ ಜೊತೆ ಜೋಳದ ನುಚ್ಚಿಗೆ ಜಗಳವಾಡಿದೆನಲ್ಲ, ಜೆಸಾಂಗ್. ಅದೇ ಕೈ.

ಕಿಬೊರ್ ನಿನ್ನೆ ಆಸ್ಪತ್ರೆಗೆ ಬಂದು ಗೇಟಿನ ಹತ್ತಿರ ನಿಂತಿದ್ದ. ಪುಡಿಯ ವಿಷಯ ಎಲ್ಲೂ ಬಾಯಿ ಬಿಡಬೇಡ, ಜೈಲಾಗುತ್ತದೆ, ಮೆಲಿಗೆ ಅಪ್ಪ ಇಲ್ಲದಂತಾಗುತ್ತದೆ ಎಂದ. ಮೆಲಿಗೆ ಅಪ್ಪ ಇಲ್ಲದಿರುವುದು ಮಾರ್ಚ್ ತಿಂಗಳಿನಿಂದ ಎಂದೆ. ವಕೀಲರ ಮುಂದೆ ಪ್ರಮಾಣ ಮಾಡಿ ಎಲ್ಲ ಬರೆಸಿದ್ದೇನೆ. ಅವನ ಹೆಸರು, ಅಂಗಡಿಯವನ ಹೆಸರು, ನನ್ನ ಹೆಸರು. ಈ ಪತ್ರದ ಜೊತೆ ಅದೂ, ನೀನು ನನಗೆ ಬರೆದ ಪತ್ರಗಳೂ ಬರುತ್ತವೆ. ಎಲ್ಲಿ ತೋರಿಸಬೇಕೋ ತೋರಿಸು.

ತಬಿತಾ


ಹಿಮೆಜಿ
15 ಫೆಬ್ರವರಿ 2015

ಅಕ್ಕ,

ಮದ್ದಿನ ಪರೀಕ್ಷೆಯವರ ವಿಚಾರಣೆ ಮುಗಿಯಿತು. ನೀನು ಪ್ರಮಾಣ ಮಾಡಿ ಬರೆಸಿದ್ದನ್ನು ಓದಿದರು. ಆಮೇಲೆ ನಮ್ಮ ಪತ್ರಗಳನ್ನೂ ಓದಿದರು. ಹರಿದು ಹಾಕು ಎಂದು ನಿನಗೆ ಬರೆದಿದ್ದೆ, ನೀನು ಹರಿಯದೆ ಕಳಿಸಿದ್ದು ಒಳ್ಳೆಯದಾಯಿತು. ಆದರೆ ನನ್ನ ಗಡ್ಡ, ನನ್ನ ಮುಟ್ಟು, ಎಲ್ಲವನ್ನೂ ಒಬ್ಬ ದುಭಾಷಿ ಗಂಡಸು ಒಂದೇ ಸ್ವರದಲ್ಲಿ ಓದಿದ. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ನಾನು ಬೇಕೆಂದು ತಿಂದಿಲ್ಲ ಎಂದು ಒಪ್ಪಿದರು. ಆದರೂ ಓಡುವವಳು ತನ್ನ ಬಾಯಿಗೆ ಹೋಗುವುದಕ್ಕೆ ತಾನೇ ಹೊಣೆ, ಅದು ನಿಯಮ. ಅವರಲ್ಲಿ ವಯಸ್ಸಾದ ಹೆಂಗಸೊಬ್ಬಳು ನಿನ್ನ ಮೊದಲ ಪತ್ರವನ್ನು ತೋರಿಸಿ ಕೇಳಿದಳು. ಹಿಟ್ಟಿಗೆ ಏನೋ ಸೇರಿಸಿದ್ದೇನೆ ಎಂದು ನಿಮ್ಮ ಅಕ್ಕ ಬರೆದಿದ್ದಾರೆ, ಏನೆಂದು ನೀವು ಯಾಕೆ ಕೇಳಲಿಲ್ಲ?

"ಅವಳು ನಮ್ಮಕ್ಕ" ಎಂದೆ. ದುಭಾಷಿ ಹೇಳಿದ. ಅವಳು ಕಾಯುತ್ತಲೇ ಇದ್ದಳು, ಇನ್ನೂ ಏನಾದರೂ ಹೇಳುತ್ತೇನೆ ಎಂದು. ಅಕ್ಕ ಇಟ್ಟ ತಟ್ಟೆಯ ಮುಂದೆ ಕೂತು ಇದರಲ್ಲಿ ಏನು ಹಾಕಿದ್ದೀಯ ಎಂದು ಕೇಳುವವರು ನಮ್ಮ ಕಡೆ ಯಾರಿದ್ದಾರೆ?

ಎರಡು ವರ್ಷ ಓಡುವಂತಿಲ್ಲ. ಕಂಪನಿ ಕೆಲಸದಿಂದ ಬಿಡಿಸಿತು. ಸಚಿಯೆ ಕೊನೆಗೆ ಮಾತಾಡಿದಳು. ನಾನು ಬಾಯಿಗಿಟ್ಟಿದ್ದ ಆ ಒಂದು ತುತ್ತಿಗೆ ಹೆದರಿ ಅವಳೂ ಪರೀಕ್ಷೆ ಮಾಡಿಸಿಕೊಂಡಿದ್ದಳಂತೆ. ಏನೂ ಇರಲಿಲ್ಲ. ಅದನ್ನು ಹೇಳಿ ಅತ್ತಳು, ನಾನೂ ಅತ್ತೆ. ಈ ಸಲ ನಾನೇ ಮೊದಲು ಬಗ್ಗಿದೆ.

ಮಾರ್ಚ್ ಏಳಕ್ಕೆ ಬರುತ್ತಿದ್ದೇನೆ.

ಜೆಸಾಂಗ್


ಕಪ್‌ಸೊವರ್
23 ಫೆಬ್ರವರಿ 2015

ಜೆಸಾಂಗ್,

ಕಿಬೊರ್‌ನನ್ನು ಪೊಲೀಸರು ಕರೆದುಕೊಂಡು ಹೋದರು. ಅಂಗಡಿಯವನು ಓಡಿಹೋಗಿದ್ದಾನೆ. ಊರಿನಲ್ಲಿ ಅರ್ಧ ಜನ ನನ್ನನ್ನು ಗಂಡನನ್ನು ಹಿಡಿದುಕೊಟ್ಟವಳು ಎನ್ನುತ್ತಾರೆ, ಇನ್ನರ್ಧ ಜನ ತಂಗಿಗೆ ವಿಷ ಹಾಕಿದವಳು ಎನ್ನುತ್ತಾರೆ. ಎರಡೂ ನಿಜ, ಯಾರ ಜೊತೆ ಜಗಳವಾಡಲಿ?

ಮೆಲಿಗೆ ಎಲ್ಲ ಹೇಳಿದೆ. ಮುಚ್ಚಿಡುವುದು ಸಾಕಾಯಿತು. ಅವಳು ಅಳಲಿಲ್ಲ. ಗೆದ್ದ ಪದಕಗಳನ್ನು ಗೋಡೆಯಿಂದ ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿದಳು. "ಅಮ್ಮ, ಈ ಓಟ ಎಲ್ಲಾ ನಾನು ಗೆದ್ದಿದ್ದಾ, ಹಿಟ್ಟು ಗೆದ್ದಿದ್ದಾ?" ಎಂದು ಆ ಒಡೆದ ಧ್ವನಿಯಲ್ಲಿ ಕೇಳಿದಳು. ನಾನು ಒಂದು ಪದಕ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟೆ. ಚಿಕ್ಕಮ್ಮನನ್ನು ಕೇಳುತ್ತೇನೆ ಎಂದಿದ್ದಾಳೆ. ಚರ್ಚಿನಲ್ಲಿ ಈಗ ಬಾಯಿ ಆಡಿಸುತ್ತಾಳೆ, ಹಾಡುವುದಿಲ್ಲ.

ಮುರ್ಸಿಕ್ ಹುಳಿಗೆ ಹಾಕಿದ್ದೇನೆ. ಬುರುಡೆ ತೊಳೆದು, ಒಳಗೆ ಇದ್ದಿಲು ಸವರಿ ಹಾಲು ಹೊಯ್ದಾಗ, ಅದರಲ್ಲಿ ತೇಲುವ ಆ ಕರಿ ಪುಡಿಯನ್ನು ನೋಡಿ ನಾನೇ ಹಿಂದೆ ಸರಿದೆ. ವಿಮಾನ ನಿಲ್ದಾಣಕ್ಕೆ ತರಲೋ ಬೇಡವೋ ನೀನೇ ಹೇಳು. ತಂದರೆ ನನ್ನ ಕೈಯಿಂದ ತೆಗೆದುಕೊಳ್ಳುತ್ತೀಯಾ? ತರದಿದ್ದರೆ ನೋಡುವವರೆಲ್ಲ ಇವಳು ಕಳ್ಳಿ, ಅಕ್ಕನೇ ಮುರ್ಸಿಕ್ ತರಲಿಲ್ಲ ಎಂದುಕೊಳ್ಳುತ್ತಾರೆ. ಎರಡು ದಿನದಿಂದ ಬುರುಡೆಯ ಮುಂದೆ ಕೂತಿದ್ದೇನೆ.

ತಬಿತಾ


ಹಿಮೆಜಿ
2 ಮಾರ್ಚ್ 2015

ಅಕ್ಕ,

ನಿನ್ನ ಪತ್ರ ಇವತ್ತು ಬಂತು. ಇದು ಬೇಗ ಮುಟ್ಟಲಿ ಎಂದು ಊರಿಗೆ ಹೊರಟ ಇನ್ನೊಬ್ಬ ಓಟಗಾರನ ಕೈಯಲ್ಲಿ ಕೊಡುತ್ತಿದ್ದೇನೆ.

ಮೆಲಿಗೆ ಹೇಳು, ಚಿಕ್ಕಮ್ಮನಿಗೂ ಗೊತ್ತಿಲ್ಲ ಎಂದು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಐದನೆಯವಳಾಗಿ ಪಟ್ಟಿ ಹಿಡಿದು ಮೊದಲನೆಯವಳಾಗಿ ಕೊಟ್ಟವಳು ನಾನೋ, ಹಿಟ್ಟೋ? ಮೈಯಿಂದ ಅದೆಲ್ಲ ಇಳಿದುಹೋಗಲಿ ಎಂದು ವೈದ್ಯರು ಹೇಳುವಷ್ಟು ದಿನ ಕಾಯೋಣ. ಆಮೇಲೆ ಗಿರಣಿಯಿಂದ ಚರ್ಚಿನವರೆಗೆ ಇಬ್ಬರೂ ಓಡೋಣ. ಅವಳು ನನ್ನನ್ನು ಸೋಲಿಸಿದರೆ ಅದು ಅವಳೇ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತೆ. ಸುಳ್ಳು ಬರೆಯಲಾಗಲಿಲ್ಲ. ಸಿಟ್ಟಿದೆ. ದಿನಾ ಬೆಳಿಗ್ಗೆ ರೇಜರ್ ಹಿಡಿದಾಗ ಇದೆ. ನಿನ್ನ ಮೇಲೆ ಪ್ರೀತಿಯೂ ಇದೆ, ಅದು ಎಲ್ಲಿಗೂ ಹೋಗಿಲ್ಲ. ಎರಡನ್ನೂ ಹೊತ್ತುಕೊಂಡೇ ವಿಮಾನ ಹತ್ತುತ್ತೇನೆ.

ಮುರ್ಸಿಕ್ ತಾ. ಮರೆಯಲ್ಲಿ ಬೇಡ, ಎಲ್ಲರೆದುರು ತಾ. ಮೆಲಿಯನ್ನೂ ಕರೆದುಕೊಂಡು ಬಾ. ನಾನು ಕುಡಿಯುತ್ತೇನೆ, ಬುರುಡೆ ಖಾಲಿಯಾಗುವವರೆಗೆ ಕುಡಿಯುತ್ತೇನೆ. ಆದರೆ ಒಂದು ಮಾತು ಕೇಳಬೇಕಾಗಿದೆ, ಕೇಳುವಾಗ ಅಜ್ಜಿ ನೆನಪಾಗುತ್ತಿದ್ದಾಳೆ, ಕಣ್ಣು ಕಾಣುತ್ತಿಲ್ಲ.

ಮೊದಲ ಗುಟುಕು ನೀನು ಕುಡಿ.

ಜೆಸಾಂಗ್